ಗುಡ್ಡೆ ಹಾಕಿದ ಎಣ್ಣೆ

ಶ್ರೀನಿವಾಸಪುರ
18-4-1942

ಚಿರಂಜೀವಿ ಆಂಜಿನಪ್ಪನಿಗೆ ಅನಸೂಯಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಜಪಾನಿನವರು ಬಾಂಬು ಹಾಕುತ್ತಾರೆಂದು ಮದರಾಸು ಖಾಲಿಯಾಗುತ್ತಿದೆ, ಮೆಡಿಕಲ್ ಕಾಲೇಜು ಮುಚ್ಚಿದ್ದಾರೆ, ಯಲ್ದೂರಿನ ಮನೆಗೆ ಬಂದು ಕೂತಿದ್ದೇನೆ, ರಜದಲ್ಲಿ ಸಂಶೋಧನೆ ಮಾಡುವುದನ್ನು ಕಲಿಸಿಕೊಡಿ ಎಂದು ಬರೆದಿದ್ದೀಯ. ಬಾಂಬಿನಿಂದ ನಮ್ಮ ತಾಲ್ಲೂಕಿಗೆ ಒಂದು ಉಪಕಾರವಾದರೂ ಆಯಿತು.

ನಿಮ್ಮಪ್ಪ ಪೆದ್ದಪ್ಪನವರು ಸಂತೆಗೆ ಬಂದವರು ನನ್ನ ಆಸ್ಪತ್ರೆಯ ಜಗುಲಿಯಲ್ಲಿ ಕೂತು, “ಇನ್ನೂ ಡಾಕ್ಟ್ರೇ ಆಗಿಲ್ಲ, ಆಗ್ಲೇ ಸಂಶೋಧನೆ ಯಾಕಮ್ಮ ಅವನಿಗೆ? ಮೊದ್ಲು ಪಾಸಾಗ್ಲಿ” ಎಂದರು. ಪಾಸಾದ ಮೇಲೆ ನಿಮ್ಮ ಮಗ ಫೀಸು ಕೇಳುವುದನ್ನು ಬಿಟ್ಟು ಬೇರೇನೂ ಕಲಿಯುವುದಿಲ್ಲ, ಈಗಲೇ ಕಲಿಯಲಿ ಎಂದೆ. ನಕ್ಕುಕೊಂಡು ಹೋದರು.

ನಾನು ಈ ಊರಿಗೆ ಲೇಡಿ ಡಾಕ್ಟರಾಗಿ ಬಂದಾಗ ನಿನಗೆ ಗೋಲಿ ಆಡುವ ವಯಸ್ಸು. ಅಂದಿನಿಂದ ಓದಿದ ಪುಸ್ತಕದಲ್ಲೆಲ್ಲ ಲಂಡನ್ನಿನ ಮಕ್ಕಳ ಕಣ್ಣಿದೆ, ರಾಯಲ್ಪಾಡಿನ ಮಕ್ಕಳ ಕಣ್ಣಿಲ್ಲ. ಆ ಕಡೆಯ ಹಳ್ಳಿಗಳಲ್ಲಿ ದೀಪ ಹಚ್ಚುವ ಹೊತ್ತಾದರೆ ಮಕ್ಕಳು ಗೋಡೆ ಸವರಿಕೊಂಡು ನಡೆಯುತ್ತವೆ. ರೇಚೀಕಟಿ ಅನ್ನುತ್ತಾರೆ, ಇರುಳುಗುರುಡು. ಹಗಲು ಕಾಣುತ್ತದಲ್ಲ ಅಂತ ತಾಯಂದಿರು ಸುಮ್ಮನಿರುತ್ತಾರೆ. ಒಂದು ದಿನ ಕಣ್ಣಿನ ಮೇಲೆ ಬಿಳಿ ಪೊರೆ ಬರುತ್ತದೆ, ಆಮೇಲೆ ಹಗಲೂ ಇಲ್ಲ. ಮೀನೆಣ್ಣೆ ಕೊಟ್ಟರೆ ಇದು ನಿಲ್ಲುತ್ತದೆ ಅನ್ನುವುದು ನನ್ನ ನಂಬಿಕೆ. ಕೋಲಾರದ ಮಕ್ಕಳ ಆರೈಕೆ ಸಮಿತಿಯ ಅಧ್ಯಕ್ಷರು, ಮಂಡಿ ಶ್ರೀನಿವಾಸಪ್ಪನವರು, “ನಂಬಿಕೆಗೆಲ್ಲ ದುಡ್ಡು ಕೊಡಕ್ಕಾಗಲ್ಲ ಡಾಕ್ಟರಮ್ಮ, ರುಜುವಾತು ತನ್ನಿ, ತಾಲ್ಲೂಕಿಗೆಲ್ಲ ಎಣ್ಣೆ ತರಿಸ್ತೀನಿ” ಎಂದಿದ್ದಾರೆ. ಆ ರುಜುವಾತು ನೀನು ತರಬೇಕು.

ನಿಮ್ಮ ಪ್ರೊಫೆಸರು ಎರಡು ಡಬ್ಬ ಮೀನೆಣ್ಣೆ ಕೊಟ್ಟು, ಅರ್ಧ ಮಕ್ಕಳಿಗೆ ಇದು, ಅರ್ಧ ಮಕ್ಕಳಿಗೆ ಬರೀ ಎಳ್ಳೆಣ್ಣೆ, ಎರಡಕ್ಕೂ ಒಂದೇ ಥರದ ಬಾಟ್ಲಿ ಎಂದಿದ್ದಾರಂತಲ್ಲ. ಹೋಲಿಸಿ ನೋಡದೆ ಏನೂ ತಿಳಿಯುವುದಿಲ್ಲ, ಅದು ಸರಿ. ನನ್ನ ಕರಾರು ಒಂದಿದೆ. ಯಾವ ಮಗುವಿನ ಕಣ್ಣಿನ ಮೇಲಾದರೂ ಪೊರೆ ಕಂಡರೆ ಗುಂಪು ಗಿಂಪು ನೋಡದೆ ಮೀನೆಣ್ಣೆ ಕುಡಿಸಿ ನನ್ನ ಹತ್ತಿರ ಕಳಿಸಬೇಕು. ಮಾವು ಹಣ್ಣಾಗುವುದರೊಳಗೆ ಕೆಲಸ ಮುಗಿಸು. ಹಣ್ಣು ತಿನ್ನಲು ಶುರುಮಾಡಿದರೆ ಮಕ್ಕಳ ಕಣ್ಣು ಅದರಿಂದಲೂ ಸುಧಾರಿಸುತ್ತದೆ, ಯಾವುದರ ಗುಣ ಯಾವುದು ಅಂತ ಗೊತ್ತಾಗುವುದಿಲ್ಲ. ಮುಸ್ಸಂಜೆಯಲ್ಲಿ ಮೊರದ ಮೇಲೆ ಒಂದು ಚೂರು ಬೆಲ್ಲ ಇಡು. ಮಗು ನೇರವಾಗಿ ಕೈ ಹಾಕಿತೋ ತಡಕಿತೋ ನೋಡು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಮದರಾಸಿನಲ್ಲೂ ಇಲ್ಲ.

ಇಂತಿ,
ಅನಸೂಯಮ್ಮ


ರಾಯಲ್ಪಾಡು
16-5-1942

ಪೂಜ್ಯ ಡಾಕ್ಟರಮ್ಮನವರ ಪಾದಗಳಿಗೆ ಆಂಜಿನಪ್ಪನ ನಮಸ್ಕಾರಗಳು.

ಸ್ಕೂಲಿನ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು. ಮಾವಿನಕಾಯಿ ಇನ್ನೂ ಹುಳಿ, ಮೇಕೆಯೂ ಮೂಸುತ್ತಿಲ್ಲ.

ಈ ಊರಿನವರ ಹಾಗೆ ಮಾತು ಕೇಳುವ ರೋಗಿಗಳನ್ನು ಮದರಾಸಿನಲ್ಲಿ ನಾನು ಕಂಡಿಲ್ಲ. ವಾರಕ್ಕೊಮ್ಮೆ ಖಾಲಿ ಬಾಟ್ಲಿ ತೊಳೆದು ಸಾಲಾಗಿ ಇಟ್ಟಿರುತ್ತಾರೆ, ತುಂಬಿದ ಬಾಟ್ಲಿ ಕೊಟ್ಟು ಬರುತ್ತೇನೆ. ಊಟ ಮುತ್ಯಾಲಮ್ಮ ಅನ್ನುವವರ ಮನೆಯಲ್ಲಿ. ಅವರ ಮಗಳು ಗಂಗಿಗೆ ಐದು ವರ್ಷ. ಮೊದಲ ದಿನ ಬೆಲ್ಲಕ್ಕೆ ತಡಕಾಡಿ ಮೊರ ಬೀಳಿಸಿ ಅತ್ತಳು. ಈಗ ನಾನು ಇಡುವುದರೊಳಗೆ ಕಿತ್ತುಕೊಂಡು ಓಡುತ್ತಾಳೆ.

ಆದರೆ ಅಮ್ಮ, ಗಂಗಿ ಮೀನೆಣ್ಣೆಯವಳು. ಪಕ್ಕದ ಮನೆಯ ಶಾಮಲಮ್ಮನವರ ಹುಡುಗ ಎಳ್ಳೆಣ್ಣೆಯವನು. ಅವನಿಗೂ ಅಷ್ಟೇ ಚೆನ್ನಾಗಿ ಕಾಣುತ್ತಿದೆ. ಎರಡು ಗುಂಪಿನ ಲೆಕ್ಕ ಮತ್ತೆ ಮತ್ತೆ ಹಾಕಿದೆ. ವ್ಯತ್ಯಾಸವೇ ಇಲ್ಲ. ನಿಮ್ಮ ನಂಬಿಕೆ ನಿಜವಾಗಲಿ ಅಂತ ನನಗೂ ಆಸೆಯಿತ್ತು, ಆದರೆ ಕಂಡದ್ದನ್ನು ಬಿಟ್ಟು ಬೇರೆ ಬರೆಯಬಾರದು ಅಂತ ನೀವೇ ಕಲಿಸಿದ್ದೀರಿ. ಪ್ರೊಫೆಸರಿಗೂ ಹೀಗೆಯೇ ಬರೆದಿದ್ದೇನೆ.

ತಮ್ಮ ವಿಧೇಯ,
ಆಂಜಿನಪ್ಪ


ಶ್ರೀನಿವಾಸಪುರ
20-5-1942

ಚಿ. ಆಂಜಿನಪ್ಪನಿಗೆ,

ಆತುರ ಬೇಡ. ಎಳ್ಳೆಣ್ಣೆಗೆ ಇರುಳುಗುರುಡು ಹೋಗುವುದಾಗಿದ್ದರೆ ಈ ಸೀಮೆಯಲ್ಲಿ ಅದು ಇರುತ್ತಲೇ ಇರಲಿಲ್ಲ. ಎಲ್ಲೋ ಏನೋ ಆಗಿದೆ. ರಾಯಲ್ಪಾಡಿಗೆ ವಾಪಸು ಹೋಗು, ಪೆನ್ಸಿಲು ಜೇಬಿನಲ್ಲಿಡು, ಹೆಂಗಸರ ಜೊತೆ ಕೂತು ಎಣ್ಣೆ ಹೇಗೆ ಕೊಟ್ಟಿರಿ, ಯಾರು ಕೊಟ್ಟಿರಿ, ಜೊತೆಗೆ ಏನು ತಿನ್ನಿಸಿದಿರಿ ಎಲ್ಲ ಕೇಳು. ಪ್ರೊಫೆಸರಿಗೆ ಬರೆದದ್ದು ಆಯಿತು, ಕೇಳದೆ ಇನ್ನೊಂದಕ್ಷರ ಎಲ್ಲಿಗೂ ಕಳಿಸಬೇಡ. ಕೇಳಿ ಬಂದು ನನ್ನ ಮುಂದೆ ಕೂತು ಹೇಳು.

ಅನಸೂಯಮ್ಮ


ಮದರಾಸು
3-8-1942

ಪೂಜ್ಯ ಡಾಕ್ಟರಮ್ಮನವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಬೇಕು. ನಿಮ್ಮ ಕಾಗದ ಸೇರಿದ ಮಾರನೆಯ ದಿನವೇ ಕಾಲೇಜು ಶುರುವಾಗುತ್ತದೆಂದು ತಂತಿ ಬಂತು. ರಾಯಲ್ಪಾಡಿಗೆ ಹೋಗಿ ಬರಲು ಆಗಲಿಲ್ಲ.

ಒಂದು ಸಂತೋಷದ ಸಮಾಚಾರವಿದೆ. ಪ್ರೊಫೆಸರು ನಮ್ಮ ಕೆಲಸವನ್ನು ಬಹಳ ಮೆಚ್ಚಿದರು. ಗುಣವಿಲ್ಲ ಅಂತ ತೋರಿಸುವುದೂ ಒಂದು ಫಲಿತಾಂಶವೇ, ಯುದ್ಧದ ಕಾಲದಲ್ಲಿ ದುಬಾರಿ ಮೀನೆಣ್ಣೆ ತರಿಸುವ ಬದಲು ಎಳ್ಳೆಣ್ಣೆ ಸಾಕೆಂದರೆ ಸರ್ಕಾರಕ್ಕೂ ಉಪಯೋಗ ಎಂದರು. ಲೇಖನ ಅವರೇ ಬರೆದಿದ್ದಾರೆ. ಅವರ ಹೆಸರಿನ ಕೆಳಗೆ ನನ್ನ ಹೆಸರಿದೆ. ವಿದ್ಯಾರ್ಥಿಯ ಹೆಸರು ಹಾಕಿದ್ದು ಇದೇ ಮೊದಲಂತೆ. ಡಿಸೆಂಬರಿನಲ್ಲಿ ಬೆಂಗಳೂರಿನ ವೈದ್ಯರ ಸಭೆಯಲ್ಲಿ ಓದುತ್ತಾರೆ. ಶ್ರೀನಿವಾಸಪ್ಪನವರ ಸಮಿತಿಗೂ ಒಂದು ಪ್ರತಿ ಕಳಿಸಿಯಾಯಿತು. ತಮ್ಮ ಹೆಸರನ್ನು ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಸೇರಿಸಲು ನಾನೇ ಹೇಳಿದೆ.

ತಮ್ಮ ಆಶೀರ್ವಾದ ಬೇಡುವ,
ಆಂಜಿನಪ್ಪ


ಶ್ರೀನಿವಾಸಪುರ
11-9-1942

ಆಂಜಿನಪ್ಪನಿಗೆ,

ಆಶೀರ್ವಾದ ಆಮೇಲೆ. ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆಯಲು ಕೂತು, ಬರೆದದ್ದು ನನಗೇ ಅಸಹ್ಯವಾಗಿ ಹರಿದು ಹಾಕಿದೆ. ಸಿಟ್ಟು ಇಳಿಯಲೆಂದು ಕಾದೆ. ಇಳಿಯಲಿಲ್ಲ, ನೆನ್ನೆ ಇನ್ನೂ ಏರಿತು. ಹಾಗೆಯೇ ಬರೆಯುತ್ತಿದ್ದೇನೆ.

ನೆನ್ನೆ ರಾಯಲ್ಪಾಡಿಗೆ ಒಂದು ಹೆರಿಗೆಗೆ ಹೋಗಿದ್ದೆ. ನೀನು ಕೇಳದೆ ಬಿಟ್ಟದ್ದನ್ನು ನಾನು ಕೇಳಿದೆ. ಕೇಳಲು ಎಷ್ಟು ಹೊತ್ತು ಬೇಕಾಯಿತು ಗೊತ್ತೆ? ನೀರು ಕಾಯುವಷ್ಟು ಹೊತ್ತು. ಒಲೆಯ ಮುಂದೆ ಮುತ್ಯಾಲಮ್ಮ ಕೂತಿದ್ದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ನಿಮ್ಮ ಪ್ರೊಫೆಸರಿಗೂ ಓದಿ ಹೇಳು.

“ಒಂದು ಬಾಟ್ಲು ನಾತ ಬರ್ತದೆ, ಒಂದು ಬಾಟ್ಲು ಬರಲ್ಲ. ನಾತ ಬರೋದೇ ಕದಮ್ಮಾ ಔಷ್ದಿ, ಅಲ್ವಾ? ನಮ್ ಗಂಗಿಗೆ ಔಷ್ದಿ ಬಂತು. ಶಾಮಲಮ್ಮನ ಕೂಸಿಗೆ ಬರೀ ಎಳ್ಳೆಣ್ಣೆ. ಪಾಪಂ, ಅದೇನು ಮಾಡಿತ್ತು? ಒಂದೇ ಬೀದಿಯಾಗೆ ಒಂದು ಕೂಸಿಗೆ ಕೊಟ್ಟು ಒಂದು ಕೂಸಿಗೆ ಬಿಟ್ರೆ ಎಂಗಮ್ಮಾ ಮುಖ ನೋಡೋದು? ಎಲ್ಲಾರ ಬಾಟ್ಲೂ ಒಂದು ಗಡಿಗೆಗೆ ಸುರಿದು ಗುಡ್ಡೆ ಹಾಕಿದ್ವಿ. ಎಲ್ಲಾ ಕೂಸ್ಗಳಿಗೂ ಸಮಂಗೆ.”

ಗುಡ್ಡೆ ಹಾಕಿದರಂತೆ. ನಾನು ಬಾಡು ತಿನ್ನದವಳು, ನನಗೇ ಅದು ಗೊತ್ತು. ಯುಗಾದಿಯ ಮಾರನೆಯ ದಿನ ಬೀದಿಯವರೆಲ್ಲ ಸೇರಿ ಕುರಿ ಕಡಿದು, ತಲೆಯಿಂದ ಬಾಲದವರೆಗೆ ಪ್ರತಿ ಭಾಗದಲ್ಲೂ ಒಂದೊಂದು ತುಂಡು ಹಾಕಿ ಮನೆಗೊಂದು ಗುಡ್ಡೆ ಮಾಡಿ, ಬಡವ ಬಲ್ಲಿದ ಅನ್ನದೆ ಹಂಚಿಕೊಳ್ಳುತ್ತಾರಲ್ಲ, ಆ ಗುಡ್ಡೆ. ನೀನು ಹುಟ್ಟಿದಾಗಿನಿಂದ ಯಲ್ದೂರಿನಲ್ಲಿ ಆ ಪಾಲು ತಿಂದು ಬೆಳೆದವನು. ಒಂದು ಬೀದಿಯಲ್ಲಿ ಎರಡು ಥರ ಹಂಚಿದರೆ ಹೆಂಗಸರು ಏನು ಮಾಡುತ್ತಾರೆ ಅಂತ ನಿಮ್ಮ ಪ್ರೊಫೆಸರಿಗೆ ತಿಳಿಯದಿದ್ದರೆ ಅದು ಅವರ ಗ್ರಹಚಾರ. ನಿನಗೆ ಹೇಗೆ ಹೊಳೆಯಲಿಲ್ಲ? ಖಾಲಿ ಬಾಟ್ಲಿ ಸಾಲಾಗಿ ಇಟ್ಟಿದ್ದನ್ನು ಹೊಗಳಿ ಬರೆದೆಯಲ್ಲ, ಅದರಲ್ಲಿ ಒಂದನ್ನಾದರೂ ಮೂಸಿ ನೋಡಿದೆಯಾ?

ನೀನು ಎರಡು ಗುಂಪು ನೋಡಲಿಲ್ಲ, ಒಂದೇ ಗುಂಪು ನೋಡಿದ್ದೀಯ. ಎಲ್ಲ ಮಕ್ಕಳೂ ಅರ್ಧ ಮೀನೆಣ್ಣೆ ಕುಡಿದಿವೆ, ಎಲ್ಲಕ್ಕೂ ಕಣ್ಣು ಬಂದಿದೆ. ಅರ್ಧ ಎಣ್ಣೆಗೇ ಅಷ್ಟು ಗುಣ. ನೀವು ಅದನ್ನು ತಲೆಕೆಳಗು ಮಾಡಿ, ಗುಣವಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದು ಕೋಲಾರಕ್ಕೆ ಕಳಿಸಿದ್ದೀರಿ. ಶ್ರೀನಿವಾಸಪ್ಪನವರು ಆ ಕಾಗದ ತೋರಿಸಿ, “ನಿಮ್ಮ ಹುಡುಗನೇ ಬರೆದಿದಾನಲ್ಲಮ್ಮ, ಎಳ್ಳೆಣ್ಣೆ ಕುಡಿಸಿ” ಎಂದರು. ತೀರ್ಮಾನ ಮುಂದಿನ ತಿಂಗಳ ಸಭೆಯಲ್ಲಂತೆ. ಅಷ್ಟರೊಳಗೆ ಲೇಖನ ವಾಪಸು ತೆಗೆಸು. ಕೃತಜ್ಞತೆಯ ಸಾಲಿನಿಂದ ನನ್ನ ಹೆಸರನ್ನೂ ತೆಗೆಸು. ಆ ಸಾಲನ್ನು ಓದಿದಾಗ ಮೈಯೆಲ್ಲ ಉರಿಯಿತು.

ಅನಸೂಯಮ್ಮ


ಮದರಾಸು
7-10-1942

ಪೂಜ್ಯ ಡಾಕ್ಟರಮ್ಮನವರಿಗೆ ನಮಸ್ಕಾರಗಳು.

ಚಳವಳಿಯ ಗಲಾಟೆಯಿಂದ ಟಪಾಲು ತಡವಾಗಿ ನಿಮ್ಮ ಕಾಗದ ಸೇರಿತು. ಓದಿದ ದಿನವೇ ಪ್ರೊಫೆಸರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಪೈಪು ಕೆರೆಯುತ್ತಾ ಕೇಳಿದರು. ಕೊನೆಗೆ, ಹಳ್ಳಿಯ ಹೆಂಗಸು ಒಲೆಯ ಮುಂದೆ ಕೂತು ಆಡಿದ ಮಾತು ಸಾಕ್ಷ್ಯವಲ್ಲ, ನಿನ್ನ ಕೈಬರಹದ ಲೆಕ್ಕ ಸಾಕ್ಷ್ಯ ಎಂದರು. ಮಕ್ಕಳು ಸುಧಾರಿಸಿದ್ದು ಮಾವಿನಹಣ್ಣಿನಿಂದ ಇದ್ದೀತು ಎಂದೂ ಸೇರಿಸಿದರು. ಆಗ ಹಣ್ಣೇ ಆಗಿರಲಿಲ್ಲ ಎಂದೆ. “ನೀನು ಯಾರ ವಿದ್ಯಾರ್ಥಿ? ನನ್ನವನೋ, ಆ ತಾಲ್ಲೂಕು ಡಾಕ್ಟರ್ತಿಯವನೋ?” ಎಂದರು. ಏಪ್ರಿಲಿನಲ್ಲಿ ನನ್ನ ಕೊನೆಯ ಪರೀಕ್ಷೆ, ಬಾಯಿ ಪರೀಕ್ಷೆಗೆ ಅವರೇ ಕೂರುವವರು ಎನ್ನುವುದನ್ನೂ ಮೃದುವಾಗಿ ಜ್ಞಾಪಿಸಿದರು.

ಸಮಿತಿಗೆ ನಾನೇ ಬೇರೆ ಕಾಗದ ಬರೆದೆ. ಪ್ರೊಫೆಸರ ಮಾತಿನ ಮುಂದೆ ವಿದ್ಯಾರ್ಥಿಯ ಮಾತನ್ನು ಪರಿಗಣಿಸಲಾಗುವುದಿಲ್ಲ ಎಂದು ಗುಮಾಸ್ತರ ಸಹಿಯ ಉತ್ತರ ಬಂತು. ಲೇಖನಕ್ಕೆ ನನ್ನ ಹೆಸರು ಹಾಕುವಾಗ ನಾನು ವಿದ್ಯಾರ್ಥಿ ಅನ್ನುವುದು ಯಾರಿಗೂ ಅಡ್ಡಿಯಾಗಿರಲಿಲ್ಲ.

ಒಂದು ಮಾತು ನಿಮಗೂ ಹೇಳಬೇಕು, ಬೇಕಾದರೆ ಕೋಪಿಸಿಕೊಳ್ಳಿ. ಬೆಲ್ಲ ಇಡುವುದನ್ನು ಕಲಿಸಿದಿರಿ, ಲೆಕ್ಕ ಇಡುವುದನ್ನು ಕಲಿಸಿದಿರಿ. ಮೊದಲ ಕಾಗದದಲ್ಲಿ ಅಷ್ಟುದ್ದ ಬರೆದವರು, ತಾಯಂದಿರ ಜೊತೆ ಮಾತಾಡು ಅಂತ ಒಂದು ಸಾಲು ಬರೆಯಲಿಲ್ಲ. ಕೆಲಸ ಮುಗಿದ ಮೇಲೆ ಬರೆದಿರಿ. ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಹೇಳುತ್ತಿಲ್ಲ. ಆದರೆ ಮೈ ಉರಿದದ್ದು ನಿಮಗೊಬ್ಬರಿಗೇ ಅಲ್ಲ.

ಆಂಜಿನಪ್ಪ


ಶ್ರೀನಿವಾಸಪುರ
24-11-1942

ಚಿ. ಆಂಜಿನಪ್ಪನಿಗೆ,

ನೀನು ಹೇಳಿದ್ದು ನಿಜ. ಅದರ ಮೇಲೆ ಜಗಳವಾಡಲು ಈಗ ನನಗೆ ಮನಸ್ಸಿಲ್ಲ.

ಸಮಿತಿಯವರು ಎಣ್ಣೆ ತರಿಸುವುದಿಲ್ಲ ಅಂತ ತೀರ್ಮಾನ ಮಾಡಿದರು. ನನ್ನ ಹತ್ತಿರ ಇದ್ದಬದ್ದದ್ದು ದಸರೆಗೆ ಮುಂಚೆಯೇ ಮುಗಿದಿತ್ತು. ದೀಪಾವಳಿ ಹೊತ್ತಿಗೆ ರಾಯಲ್ಪಾಡಿನಲ್ಲಿ ದಡಾರ ಎದ್ದಿತು. ಗಂಗಿಗೂ ಬಂತು. ಮೀನೆಣ್ಣೆಯಿಂದ ಮೈಯಲ್ಲಿ ಉಳಿದಿದ್ದ ಸತ್ವವನ್ನೂ ದಡಾರ ಹೀರಿಬಿಡುತ್ತದೆ. ಅಮ್ಮ ಬಂದಾಗ ಔಷಧಿ ಕುಡಿಸಬಾರದೆಂದು ಹಿರಿಯರು ಹೇಳಿದರೂ ಮುತ್ಯಾಲಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ನನ್ನ ಹತ್ತಿರ ಬಂದಳು. “ನಾತ ಬರೋ ಎಣ್ಣೆ ಒಸಿ ಕೊಡಮ್ಮಾ” ಎಂದು ಕೇಳಿದಳು. ಇರಲಿಲ್ಲ. ಬೆಂಗಳೂರಿಗೆ ಆಳು ಕಳಿಸಿ ತರಿಸುವುದರೊಳಗೆ ಎರಡು ಕಣ್ಣೂ ಬೆಳ್ಳಗಾದವು.

ಜೀವ ಉಳಿಯಿತು. ಕಣ್ಣು ಹೋಯಿತು.

ಅನಸೂಯಮ್ಮ


ಬೆಂಗಳೂರು
29-12-1942

ಪೂಜ್ಯ ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನನ್ನಿಂದ ಆಗಲಿಲ್ಲ. ಇವತ್ತು ಬರೆಯುತ್ತೇನೆ.

ಇಲ್ಲಿ ವೈದ್ಯರ ಸಭೆ ನೆನ್ನೆ ನಡೆಯಿತು. ಸೂಟು, ಜರಿ ಪೇಟ, ಸಿಗಾರಿನ ಹೊಗೆ. ಪ್ರೊಫೆಸರು ಲೇಖನ ಓದಿದರು. ಚಪ್ಪಾಳೆಯಾಯಿತು. ಪ್ರಶ್ನೆಗಳಿವೆಯೇ ಎಂದು ಅಧ್ಯಕ್ಷರು ಕೇಳಿದರು. ಹಿಂದಿನ ಸಾಲಿನಿಂದ ಎದ್ದು ನಿಂತೆ.

ಈ ಲೇಖನದಲ್ಲಿ ಎರಡನೆಯ ಹೆಸರು ನನ್ನದು, ಎಣ್ಣೆ ಹಂಚಿದವನು ನಾನು, ಈ ಫಲಿತಾಂಶ ತಪ್ಪು ಎಂದೆ. ಹೆಂಗಸರು ಎಣ್ಣೆಯನ್ನು ಗುಡ್ಡೆ ಹಾಕಿದ್ದನ್ನು ವಿವರಿಸಿದೆ. ಅಷ್ಟರಲ್ಲಿ ಯಾರೋ ಒಬ್ಬರು, “ಏನಯ್ಯ, ಮಾಂಸದ ಹಾಗಾ?” ಎಂದರು. ಸಭೆಗೆ ಸಭೆಯೇ ನಕ್ಕಿತು. ಎಂಥೆಂಥ ದೊಡ್ಡ ಡಾಕ್ಟರುಗಳು ನಕ್ಕರು ಅಂತ ಹೆಸರು ಹೇಳಲೂ ನನಗೆ ಈಗ ಇಷ್ಟವಿಲ್ಲ. ನಗು ನಿಲ್ಲುವವರೆಗೆ ನಿಂತಿದ್ದು, “ಆ ಬೀದಿಯ ಒಂದು ಮಗುವಿಗೆ ಎರಡು ಕಣ್ಣೂ ಹೋಗಿದೆ. ಎಣ್ಣೆ ಬೇಡ ಅಂತ ನಾವು ಬರೆದದ್ದಕ್ಕೆ ಎಣ್ಣೆ ಬರಲಿಲ್ಲ” ಎಂದೆ. ಆಮೇಲೆ ಯಾರೂ ನಗಲಿಲ್ಲ. ಅಧ್ಯಕ್ಷರು ಗಂಟೆ ಒತ್ತಿದರು. ಮುಂದಿನ ಲೇಖನ ಮೂತ್ರಪಿಂಡದ ಕಲ್ಲಿನ ಮೇಲೆ ಇತ್ತು.

ಹೊರಗೆ ಕಂಬದ ಹತ್ತಿರ ಪ್ರೊಫೆಸರು ಸಿಕ್ಕರು. ನಾನು ನಿನಗೆ ಹೆಸರು ಕೊಟ್ಟೆ, ನೀನು ನನ್ನ ಹೆಸರು ತೆಗೆದೆ ಎಂದರು. ಕಣ್ಣು ಹೋದ ಮಗು ಯಾರು ಅಂತ ಕೇಳಲಿಲ್ಲ.

ಆಂಜಿನಪ್ಪ


ಯಲ್ದೂರು
2-5-1943

ಡಾಕ್ಟರಮ್ಮನವರಿಗೆ,

ಬರೆದ ಪರೀಕ್ಷೆಯಲ್ಲೆಲ್ಲ ಪಾಸು. ಬಾಯಿ ಪರೀಕ್ಷೆಯಲ್ಲಿ ಫೇಲು. ಎದುರಿಗೆ ಯಾರು ಕೂತಿದ್ದರೆಂದು ಹೇಳಬೇಕಾಗಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ಉತ್ತರ ಮುಗಿಯುವ ಮೊದಲೇ ಕಳಿಸಿದರು. ಸೆಪ್ಟೆಂಬರಿನಲ್ಲಿ ಇನ್ನೊಂದು ಅವಕಾಶವಿದೆಯಂತೆ. ನನಗೆ ಬೇಡ. ಮಾಲೂರಿನಲ್ಲಿ ನಮ್ಮ ಮಾವ ಕೋದಂಡರಾಮಪ್ಪನವರು ಔಷಧಿ ಅಂಗಡಿ ಇಡುತ್ತಾರೆ, ಬಂದು ಕೂತುಕೋ ಅನ್ನುತ್ತಿದ್ದಾರೆ. ಚೀಟಿ ನೋಡಿ ಬಾಟ್ಲಿ ಕೊಡುವುದು. ಯಾವ ಗುಂಪಿನ ಲೆಕ್ಕವೂ ಇಲ್ಲ.

ಸತ್ಯ ಹೇಳಿದೆ. ಯಾರ ಕಣ್ಣು ಬಂತು? ಇನ್ನು ಮುಂದೆ ಯಾರಿಗೂ ಸಂಶೋಧನೆ ಕಲಿಸಬೇಡಿ.

ಆಂಜಿನಪ್ಪ


ಶ್ರೀನಿವಾಸಪುರ
20-6-1943

ಚಿ. ಆಂಜಿನಪ್ಪನಿಗೆ ಆಶೀರ್ವಾದ.

ಎಣ್ಣೆ ಬಂತು. ಹೇಗೆ ಬಂತು ಕೇಳು, ನಿನ್ನ ಹೊಟ್ಟೆಗೂ ಸ್ವಲ್ಪ ಬೆಂಕಿ ಬೀಳಲಿ.

ಮಂಡಿ ಶ್ರೀನಿವಾಸಪ್ಪನವರ ಮೊಮ್ಮಗ, ಭೇದಿಯಾಗಿ ಬಡವಾಗಿದ್ದವನು, ಒಂದು ಸಂಜೆ ತಟ್ಟೆ ಬಿಟ್ಟು ನೆಲದ ಮೇಲೆ ಅನ್ನ ಹುಡುಕಿದನಂತೆ. ಮಾರನೆಯ ದಿನ ಬೆಳಿಗ್ಗೆ ಕಾರಿನಲ್ಲಿ ಕೋಲಾರದಿಂದ ನನ್ನ ಬಾಗಿಲಿಗೆ ಬಂದರು. ನನ್ನ ಕೈದುಡ್ಡಿನಲ್ಲಿ ತರಿಸಿಟ್ಟಿದ್ದ ಮೀನೆಣ್ಣೆ ಕೊಟ್ಟೆ. ವಾರದೊಳಗೆ ಮಗು ದೀಪದ ಹುಳ ಹಿಡಿಯಲು ಶುರುಮಾಡಿತು. ಆ ತಿಂಗಳೇ ಸಮಿತಿ ಸೇರಿ ತಾಲ್ಲೂಕಿಗೆಲ್ಲ ಎಣ್ಣೆ ಮಂಜೂರು ಮಾಡಿತು. ಒಬ್ಬ ಮೊಮ್ಮಗ ರುಜುವಾತು ಆದ. ಒಂದು ಬೀದಿಯ ಅಷ್ಟೂ ಮಕ್ಕಳು ಆಗಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಅದನ್ನೂ ಹಾರ ಹಾಕಿಸಿಕೊಂಡು ಹಾಕಿದರು.

ಶ್ರೀನಿವಾಸಪ್ಪನವರಿಗೆ, ಡಬ್ಬಗಳನ್ನು ನೀವೇ ರಾಯಲ್ಪಾಡಿಗೆ ಬಂದು ಕೊಡಬೇಕು, ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ ಎಂದೆ. ಬಂದರು. ಮುತ್ಯಾಲಮ್ಮನ ಮನೆಯ ಮುಂದೆಯೇ ಕುರ್ಚಿ ಹಾಕಿಸಿದೆ. ಗಂಗಿ ಜಗುಲಿಯ ಮೇಲೆ ಹುಣಿಸೆಬೀಜ ಹಿಡಿದುಕೊಂಡು ಕೂತಿತ್ತು. ವಿಷಯ ತಿಳಿದ ಮುತ್ಯಾಲಮ್ಮ, “ಸಾಮೀ, ನಿಮ್ ಕೂಸಿಗೆ ಕಣ್ಣು ಬಂತಂತೆ, ಒಳ್ಳೇದಾಯ್ತು. ನಮ್ ಗಂಗಿಗೆ ಎಷ್ಟು ಎಣ್ಣೆ ಕುಡಿಸಿದ್ರೆ ಬರ್ತದೆ?” ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ಆಸೆಯಿತ್ತು. ಅವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇನ್ನು ಎಷ್ಟು ಕುಡಿಸಿದರೂ ಬರುವುದಿಲ್ಲ ಎನ್ನುವ ಮಾತನ್ನು ನಾನು ಹೇಳಿದೆ.

ಆಮೇಲೆ ಅವಳು ಕೇಳಿದ್ದು ನಿನ್ನನ್ನು. “ಆ ಯಲ್ದೂರು ಹುಡ್ಗ ಎಲ್ಲಾ ಬರ್ಕೊಂಡು ಹೋದ್ನಲ್ಲಮ್ಮಾ, ಅದ್ರಾಗೆ ಏನು ಗೊತ್ತಾಯ್ತಂತೆ? ಹೇಳ್ಲೇ ಇಲ್ಲ.”

ನೀನು ಮದರಾಸಿಗೆ ಹೇಳಿದೆ, ಕೋಲಾರಕ್ಕೆ ಹೇಳಿದೆ, ಬೆಂಗಳೂರಿನಲ್ಲಿ ಎದ್ದು ನಿಂತು ಹೇಳಿದೆ. ಆ ಧೈರ್ಯಕ್ಕೆ ನನಗೆ ಹೆಮ್ಮೆಯಿದೆ, ಬರೆದು ಅಭ್ಯಾಸವಿಲ್ಲದ್ದರಿಂದ ಆಗ ಬರೆಯಲಿಲ್ಲ. ಆದರೆ ಯಾರ ಮಗುವಿನ ಕಣ್ಣಿನ ಮೇಲೆ ಇದನ್ನೆಲ್ಲ ಮಾಡಿದೆಯೋ ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳಿಗೆ ಹೇಳುವುದು ನಿನ್ನ ಕೆಲಸ, ನಾನು ಮಾಡಿದರೆ ನಡೆಯುವುದಿಲ್ಲ. ಹೇಳಿ ಬಾ. ಆಮೇಲೆ ಪರೀಕ್ಷೆಗೆ ಕಟ್ಟು, ಇಲ್ಲವೇ ಮಾಲೂರಿನಲ್ಲಿ ಬಾಟ್ಲಿ ತೊಳೆ. ನಿನ್ನಿಷ್ಟ.

ಅನಸೂಯಮ್ಮ


ಯಲ್ದೂರು
9-7-1943

ಪೂಜ್ಯ ಡಾಕ್ಟರಮ್ಮನವರ ಪಾದಗಳಿಗೆ ನಮಸ್ಕಾರಗಳು.

ಮೊನ್ನೆ ರಾಯಲ್ಪಾಡಿಗೆ ಹೋಗಿ ಬಂದೆ.

ಮುತ್ಯಾಲಮ್ಮನವರು ಮೊದಲು ಮುದ್ದೆ ಬಡಿಸಿದರು. ಹೇಳಿ ಆದ ಮೇಲೆ ಉಣ್ಣುತ್ತೇನೆ ಎಂದರೆ ಒಪ್ಪಲಿಲ್ಲ. ಗಂಗಿ ನನ್ನ ಧ್ವನಿ ಕೇಳಿ ಮೊರ ಎಲ್ಲಿ ಎಂದಳು. ಬೆಲ್ಲ ತಂದಿದ್ದೆ, ಕೈಗೆ ಕೊಟ್ಟೆ.

ಆಮೇಲೆ ಹೇಳಿದೆ. ಎರಡು ಬಾಟ್ಲಿ ಯಾಕೆ ಬೇರೆ ಬೇರೆ ಇದ್ದವು, ಅವರು ಕೂಡಿಸಿದ್ದು ತಿಳಿಯದೆ ನಾನು ಏನು ಬರೆದೆ, ಅದನ್ನು ನೋಡಿ ಕೋಲಾರದವರು ಯಾಕೆ ಎಣ್ಣೆ ನಿಲ್ಲಿಸಿದರು, ಒಂದನ್ನೂ ಬಿಡದೆ ಹೇಳಿದೆ. ಅರ್ಧ ತೆಲುಗು ಅರ್ಧ ಕನ್ನಡ. ಮದರಾಸಿನಲ್ಲಿ ಪ್ರೊಫೆಸರಿಗೆ ವಿವರಿಸಿದ್ದಕ್ಕಿಂತ ಕಷ್ಟವಾಯಿತು, ಅವರು ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು. ಶಾಮಲಮ್ಮನವರೂ ಬಂದು ಬಾಗಿಲಲ್ಲಿ ನಿಂತರು.

ಮುಗಿದ ಮೇಲೆ ಮುತ್ಯಾಲಮ್ಮನವರು, “ಅಂಗಾದ್ರೆ ನಾನು ಎಣ್ಣೆ ಸಮಂಗೆ ಹಂಚಿದ್ದಕ್ಕೇನಾ ನನ್ ಕೂಸಿನ ಕಣ್ಣು ಹೋಯ್ತು?” ಎಂದರು.

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ನೀವು ಎಣಿಸಿದ್ದಿರೇನೋ, ಅದಕ್ಕೇ ನನ್ನನ್ನು ಕಳಿಸಿದಿರೇನೋ. “ಅಲ್ಲಮ್ಮ, ನೀವು ಮಾಡಿದ್ದು ಸರಿ. ನಾನು ನಿಮ್ಮನ್ನ ಕೇಳ್ಲಿಲ್ಲ, ಅದಕ್ಕೆ ಹೋಯ್ತು” ಎಂದೆ.

ಅವರು ಸೆರಗಿನಿಂದ ಗಂಗಿಯ ಬಾಯಿಗೆ ಮೆತ್ತಿದ ಬೆಲ್ಲ ಒರೆಸಿದರು. ನನ್ನ ಕಡೆ ನೋಡಲಿಲ್ಲ. “ಇನ್ನೊಂದು ಊರಿಗೆ ಹೋದ್ರೆ ಕೇಳು ನಾಯ್ನಾ” ಎಂದರು.

ಸೆಪ್ಟೆಂಬರ್ ಪರೀಕ್ಷೆಗೆ ಇವತ್ತು ಅರ್ಜಿ ಹಾಕಿದ್ದೇನೆ.

ತಮ್ಮ ವಿದ್ಯಾರ್ಥಿ,
ಆಂಜಿನಪ್ಪ